ಕಾರಟಗಿ ಎಲ್ಲಿದೆ ಅಂತ ಯಂತ್ರಕ್ಕೆ ಹೇಳೋರು ಯಾರು?

ಎಐ ವಿಷಯ ಬಂದಾಗಲೆಲ್ಲ ಒಂದೇ ಪ್ರಶ್ನೆ ಕೇಳ್ತೀವಿ: ಇದು ಎಷ್ಟು ಬುದ್ಧಿವಂತ? ಇವತ್ತು ಪ್ರಶ್ನೆಯನ್ನು ತಿರುಗಿಸಿ ಕೇಳೋಣ. ಈ ಬುದ್ಧಿವಂತನಿಗೆ ನಾವು ಹೇಳಿಕೊಟ್ಟಿರೋದು ಎಷ್ಟು?

ಎಐ ಏಜೆಂಟ್ ಅಂದರೆ ಬರೀ ಮಾತಾಡುವ ಯಂತ್ರ ಅಲ್ಲ, ನಮ್ಮ ಪರವಾಗಿ ಕೆಲಸ ಮಾಡುವ ಯಂತ್ರ. ಪಹಣಿ, ಜನಗಣತಿ, ಮಾರುಕಟ್ಟೆ ದರ ಇವುಗಳ ತಾಜಾ ಲೆಕ್ಕ ಅದರ ತಲೆಯೊಳಗೆ ಇರೋದಿಲ್ಲ. ಬೇಕಾದಾಗ ‘ಟೂಲ್’ ಅನ್ನೋ ಸಲಕರಣೆ ಬಳಸಿ ದಾಖಲೆಯಿಂದ ತೆಗೆದು ತರುತ್ತದೆ. ಯಾವ ಟೂಲ್ ಯಾವುದಕ್ಕೆ, ಅದಕ್ಕೆ ಏನು ಕೊಡಬೇಕು ಅಂತ ಒಂದು ವಿವರಣೆ ಬರೆದಿಟ್ಟಿರುತ್ತಾರೆ. 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಕಂಪನಿ ಹೊರತಂದ ಎಂಸಿಪಿ ಅನ್ನೋ ಮುಕ್ತ ಪದ್ಧತಿಯಲ್ಲೂ ಇದೇ ವ್ಯವಸ್ಥೆ. ಏಜೆಂಟ್‌ಗೆ ಆ ವಿವರಣೆಯೇ ದಾರಿದೀಪ. ಕಚೇರಿಗೆ ಹೊಸದಾಗಿ ಬಂದ ಗುಮಾಸ್ತನಿಗೆ ಅನುಮಾನ ಬಂದರೆ ಪಕ್ಕದ ಮೇಜಿನವರನ್ನು ಕೇಳ್ತಾನೆ. ಯಂತ್ರಕ್ಕೆ ಪಕ್ಕದ ಮೇಜೇ ಇಲ್ಲ.

ಈಗ ಕೊಪ್ಪಳ ಜಿಲ್ಲೆಗೆ ಬನ್ನಿ. 1997ರ ಆಗಸ್ಟ್‌ಗೆ ಮೊದಲು ಇದು ರಾಯಚೂರು ಜಿಲ್ಲೆಯ ಭಾಗ. 2011ರ ಜನಗಣತಿಯಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕು, ಸುಮಾರು 13.9 ಲಕ್ಷ ಜನ. ಆಮೇಲೆ 2017ರ ರಾಜ್ಯ ಬಜೆಟ್‌ನಲ್ಲಿ ಹೊಸ ತಾಲ್ಲೂಕುಗಳ ಘೋಷಣೆ ಆಯಿತು. ಗಂಗಾವತಿಯಿಂದ ಕಾರಟಗಿ, ಕನಕಗಿರಿ ಬೇರೆಯಾದವು, ಯಲಬುರ್ಗಾದಿಂದ ಕುಕನೂರು. ಈಗ ಒಟ್ಟು ಏಳು.

ಇದು ನಿಮಗೆ ಗೊತ್ತು. ಯಂತ್ರಕ್ಕೆ? ‘ಕಾರಟಗಿ ತಾಲ್ಲೂಕಿನ 2011ರ ಜನಸಂಖ್ಯೆ ಎಷ್ಟು’ ಅಂತ ಕೇಳಿದರೆ ಟೂಲ್ ಖಾಲಿ ಕೈಯಲ್ಲಿ ವಾಪಸ್ ಬರುತ್ತದೆ. ಅದನ್ನು ಏಜೆಂಟ್ ‘ಸೊನ್ನೆ’ ಅಂತ ಓದಿಬಿಟ್ಟರೆ? ಇನ್ನೂ ಒಂದು ಅಪಾಯ ಇದೆ. ಮುಂದಿನ ಜನಗಣತಿ 2027ಕ್ಕೆ. ಹಳೇ ಗಂಗಾವತಿಯ ಲೆಕ್ಕವನ್ನು ಹೊಸ ಗಂಗಾವತಿಯ ಪಕ್ಕ ಇಟ್ಟರೆ ಜನಸಂಖ್ಯೆ ದಿಢೀರ್ ಕುಸಿದಂತೆ ಕಾಣುತ್ತದೆ. ‘ಗಂಗಾವತಿಯ ಜನ ಗುಳೆ ಹೋದರು’ ಅಂತ ಯಂತ್ರ ವರದಿ ಬರೆಯಬಹುದು. ನಮ್ಮಂಥ ಚಾನೆಲ್‌ನವರು ಅದನ್ನೇ ಬ್ರೇಕಿಂಗ್ ನ್ಯೂಸ್ ಮಾಡಬಹುದು! ಗುಳೆ ಹೋದವರು ಯಾರೂ ಇಲ್ಲ, ಗಡಿಗೆರೆ ಸರಿದಿದೆ ಅಷ್ಟೇ.

ಪಹಣಿ ನೋಡಿ. ‘ಭೂಮಿ’ ಯೋಜನೆಯಲ್ಲಿ ಅದು ಕಂಪ್ಯೂಟರಿಗೆ ಬಂದು ಎರಡು ದಶಕ ದಾಟಿತು. ಅದರಲ್ಲಿ 2.20 ಅಂತ ಇದ್ದರೆ ಎರಡು ಎಕರೆ ಇಪ್ಪತ್ತು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ, ಅಂದರೆ ಎರಡೂವರೆ ಎಕರೆ. ಕುಷ್ಟಗಿಯ ಯಾವ ರೈತನಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ವಿವರಣೆಯಲ್ಲಿ ‘ವಿಸ್ತೀರ್ಣ’ ಅಂತಷ್ಟೇ ಬರೆದಿದ್ದರೆ ಯಂತ್ರ ಅದನ್ನು ದಶಮಾಂಶ ಅಂದುಕೊಳ್ಳುತ್ತದೆ. ಆಗ ಅದು ಎರಡು ಎಕರೆ ಎಂಟು ಗುಂಟೆ. ಹನ್ನೆರಡು ಗುಂಟೆ ಹೋಯಿತಲ್ಲ? ಬೆಳೆ ಪರಿಹಾರ, ಬ್ಯಾಂಕ್ ಸಾಲ ಎಲ್ಲ ನಿಂತಿರೋದು ಆ ಲೆಕ್ಕದ ಮೇಲೆ.

ಭತ್ತದ ಕತೆಯೂ ಅಷ್ಟೇ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಮಾತುಕತೆ 75 ಕೆಜಿ ಚೀಲದ ಮೇಲೆ. ಸರ್ಕಾರಿ ದರಪಟ್ಟಿ 100 ಕೆಜಿ ಕ್ವಿಂಟಲ್‌ನಲ್ಲಿ. ಕ್ವಿಂಟಲ್‌ಗೆ 2,400 ರೂಪಾಯಿ ಇದ್ದರೆ ಚೀಲಕ್ಕೆ 1,800. ಬರೀ ‘ದರ’ ಅಂತ ಬರೆದರೆ ಯಾವುದರ ದರ? ಅವತ್ತು ಮಾರುಕಟ್ಟೆಗೆ ರಜೆ ಇದ್ದರೆ ದರ ಸೊನ್ನೆಯಾ, ದಾಖಲೆ ಇಲ್ಲವಾ? ಎರಡೂ ಒಂದೇ ಅಲ್ಲ.

ಹಾಗಾದರೆ ಒಳ್ಳೆಯ ವಿವರಣೆ ಹೇಗಿರಬೇಕು? ಈ ಟೂಲ್ ಏನು ಕೊಡುತ್ತದೆ, ಏನು ಕೊಡೋದಿಲ್ಲ ಅಂತ ಬಾಯಿಬಿಟ್ಟು ಹೇಳಬೇಕು. ಯಾವ ವರ್ಷದಿಂದ ಯಾವ ವರ್ಷದವರೆಗೆ ಲೆಕ್ಕ ಇದೆ, ಅಳತೆ ಯಾವುದು, ಉತ್ತರ ಖಾಲಿ ಬಂದರೆ ಅರ್ಥ ಏನು, ಇವೆಲ್ಲ ಇರಬೇಕು. ‘2011ರ ಲೆಕ್ಕದಲ್ಲಿ ಕಾರಟಗಿ, ಕನಕಗಿರಿ ಬೇಕಿದ್ದರೆ ಗಂಗಾವತಿಯಲ್ಲಿ ಹುಡುಕು’ ಅಂತ ಒಂದು ಸಾಲು ಸಾಕು. ಯಲಬುರ್ಗ, ಯಲಬುರ್ಗಾ, ಯಲಬುರಗಾ ಮೂರೂ ಒಂದೇ ಊರು ಅಂತಲೂ ಹೇಳಬೇಕು. ಪ್ರತಿ ತಾಲ್ಲೂಕಿಗೂ ಸರ್ಕಾರಿ ಕೋಡ್ ಸಂಖ್ಯೆ ಇದೆ, ಅದನ್ನೂ ಜೊತೆಗೆ ಕೊಟ್ಟರೆ ಗೊಂದಲವೇ ಇಲ್ಲ. ಜೊತೆಗೆ ಒಂದು ಮಾದರಿ ಪ್ರಶ್ನೆ, ಅದರ ಸರಿಯಾದ ಉತ್ತರ.

ಇದಕ್ಕೆ ಕೋಟಿಗಟ್ಟಲೆ ದುಡ್ಡು ಬೇಕಿಲ್ಲ. ಆದರೆ ಬರೆಯುವ ಇಂಜಿನಿಯರ್ ಎಸಿ ರೂಮಿನಲ್ಲಿ ಕೂತರೆ ಈ ಸಾಲುಗಳು ಹೊಳೆಯೋದಿಲ್ಲ. ಅವು ಇರೋದು ತಾಲ್ಲೂಕು ಕಚೇರಿಯ ಹಳೇ ಗುಮಾಸ್ತರ ತಲೆಯಲ್ಲಿ, ಎಪಿಎಂಸಿ ತೂಕದವರ ಬಾಯಲ್ಲಿ. ಇಷ್ಟು ದಿನ ಅವರ ತಿಳಿವಳಿಕೆಯನ್ನು ಬರೆದಿಡದಿದ್ದರೂ ನಡೆಯುತ್ತಿತ್ತು, ಯಾಕಂದರೆ ಎದುರಿಗೆ ಅವರೇ ಕೂತಿರುತ್ತಿದ್ದರು. ನಾಳೆ ಆ ಕುರ್ಚಿಯಲ್ಲಿ ಯಂತ್ರ ಕೂರುವುದಾದರೆ, ಅದಕ್ಕೆ ಮೊದಲು ಅವರನ್ನು ಕೇಳಿ ಬರೆದಿಡಿ. ಬರೆಯದೆ ಬಿಟ್ಟ ಸಾಲಿಗೆ ದಂಡ ಕಟ್ಟೋದು ಕಂಪನಿ ಅಲ್ಲ, ಹನ್ನೆರಡು ಗುಂಟೆ ಕಳೆದುಕೊಂಡ ರೈತ.