ಕಡತಕ್ಕೆ ಸೇರದ ಪದಕಗಳು

ಭಾರತೀಯ ಸೇನೆಯಿಂದ ನಿವೃತ್ತನಾಗಿ ಊರಿಗೆ ಮರಳುವ ಸಿಪಾಯಿಯ ಕೈಗೆ ಕೊಡುವ ಡಿಸ್ಚಾರ್ಜ್ ಬುಕ್ಕಿನಲ್ಲಿ, ಅಂದರೆ ಸೇವೆಯಿಂದ ಬಿಡುಗಡೆಯಾದುದಕ್ಕೆ ಆಧಾರವಾದ ಪುಸ್ತಕದಲ್ಲಿ, ಅವನು ಸೇನೆಗೆ ಸೇರಿದ ದಿನ, ಬಿಟ್ಟ ದಿನ, ಕಡೆಯ ದರ್ಜೆ, ನಡತೆಯ ಬಗೆಗಿನ ಷರಾ ಮುಂತಾದ ವಿವರಗಳ ನಡುವೆ ಪದಕಗಳಿಗಾಗಿಯೇ ಮೀಸಲಾದ ಒಂದು ಅಂಕಣವಿರುತ್ತದೆ. ಆಂಧ್ರದ ಪಶ್ಚಿಮ ಕರ್ನೂಲಿನ ಆದೋನಿ, ಆಲೂರು, ಕೋಸಿಗಿ, ಕೌತಾಳಂ, ಹೊಳಗುಂದ ಸೀಮೆಯ ಹಳ್ಳಿಗಳಲ್ಲಿ ಹೆಸರಿನ ಹಿಂದೆ ‘ಮಿಲಿಟ್ರಿ’ ಎಂಬ ಮಾತನ್ನು ಬದುಕಿರುವವರೆಗೂ ಹೊತ್ತು ತಿರುಗುವ ಹಿರಿಯನ ಪುಸ್ತಕದಲ್ಲಿ ಆ ಅಂಕಣ ಖಾಲಿಯಿದ್ದರೆ, ಅಥವಾ ಇರಬೇಕಾದ ನಾಲ್ಕು ಪದಕಗಳ ಬದಲು ಎರಡೇ ಇದ್ದರೆ, ಅದನ್ನು ನೋಡಿದ ಗುಮಾಸ್ತ ಆತ ಯುದ್ಧಕ್ಕೆ ಹೋಗಿಯೇ ಇಲ್ಲವೆಂದು ತೀರ್ಮಾನಿಸುವುದು ಸುಲಭ. ದಾಖಲೆಯ ಮೌನವನ್ನು ಸೈನಿಕನ ವಿರುದ್ಧದ ಸಾಕ್ಷ್ಯವೆಂದು ಓದುವ ಈ ಅಭ್ಯಾಸ ತಪ್ಪೆಂಬುದನ್ನು ಅರಿಯಲು ಪದಕವೊಂದು ಕಡತಕ್ಕೆ ಸೇರುವ ದಾರಿಯನ್ನು ತಿಳಿದರೆ ಸಾಕು.

ಸಿಪಾಯಿಯ ಸೇವಾ ವಿವರಗಳೆಲ್ಲ ಅವನ ಶೀಟ್ ರೋಲ್ ಎಂಬ ಮೂಲ ಕಡತದಲ್ಲಿ ಇರುತ್ತವೆ; ಈ ಕಡತ ಅವನ ರೆಜಿಮೆಂಟಿನ ರೆಕಾರ್ಡ್ ಆಫೀಸಿನಲ್ಲಿ, ಅಂದರೆ ದಾಖಲೆ ಕಚೇರಿಯಲ್ಲಿ, ಉಳಿಯುತ್ತದೆ. ಮದ್ರಾಸ್ ರೆಜಿಮೆಂಟಿನ ಈ ಕಚೇರಿ ನೀಲಗಿರಿಯ ವೆಲಿಂಗ್ಟನ್‌ನಲ್ಲಿದೆ, ಮದ್ರಾಸ್ ಸ್ಯಾಪರ್ಸ್ ಎಂದು ಹೆಸರಾದ ಎಂಜಿನಿಯರ್ ಪಡೆಯದು ಬೆಂಗಳೂರಿನಲ್ಲಿದೆ, ಫಿರಂಗಿ ದಳದ್ದು ನಾಸಿಕದಲ್ಲಿದೆ, ಇ.ಎಂ.ಇ. ಎಂಬ ಯಂತ್ರ ದುರಸ್ತಿ ದಳದ್ದು ಸಿಕಂದರಾಬಾದಿನಲ್ಲಿದೆ. ದಳದಲ್ಲಿ ನಡೆದ ವರ್ಗಾವಣೆ, ಬಡ್ತಿ, ಮದುವೆ, ಮಗುವಿನ ಜನನ, ಗಾಯ, ಪದಕ ಯಾವುದೇ ಆಗಿರಲಿ, ಅದನ್ನು ಪಾರ್ಟ್ ಟೂ ಆರ್ಡರ್ ಎಂಬ ಆದೇಶದಲ್ಲಿ ಪ್ರಕಟಿಸಿ ರೆಕಾರ್ಡ್ ಆಫೀಸಿಗೆ ಕಳುಹಿಸಿದಾಗ, ಅಲ್ಲಿಯ ಗುಮಾಸ್ತರು ಅದನ್ನು ಶೀಟ್ ರೋಲ್‌ಗೆ ಏರಿಸುತ್ತಾರೆ. ಆ ಆದೇಶ ಹೊರಡದಿದ್ದರೆ, ಹೊರಟರೂ ತಲುಪದಿದ್ದರೆ, ತಲುಪಿದರೂ ಅದರಲ್ಲಿ ಬರೆದ ಸಂಖ್ಯೆಗೂ ಕಡತದ ಸಂಖ್ಯೆಗೂ ಹೊಂದಿಕೆಯಾಗದಿದ್ದರೆ, ಪದಕ ಎದೆಯ ಮೇಲಿದ್ದರೂ ಕಡತದಲ್ಲಿ ಇರುವುದಿಲ್ಲ. ಹವಾಲ್ದಾರನಾಗಿದ್ದವನು ನಾಯಬ್ ಸುಬೇದಾರನಾಗಿ, ಅಂದರೆ ಜೂನಿಯರ್ ಕಮಿಷನ್ಡ್ ಆಫೀಸರ್ ದರ್ಜೆಗೆ, ಬಡ್ತಿ ಪಡೆದಾಗ ಅವನ ಹಳೆಯ ಸಂಖ್ಯೆ ಹೋಗಿ ಜೆ.ಸಿ. ಎಂಬ ಅಕ್ಷರಗಳಿಂದ ಆರಂಭವಾಗುವ ಹೊಸ ಸಂಖ್ಯೆ ಬರುತ್ತದೆ. ನಿವೃತ್ತಿಯ ನಂತರ ಡಿಫೆನ್ಸ್ ಸೆಕ್ಯುರಿಟಿ ಕೋರ್‌ಗೆ ಮತ್ತೆ ಸೇರಿದವನ ಎರಡನೆಯ ಸೇವೆಯ ಕಡತ ಕೇರಳದ ಕಣ್ಣೂರಿನಲ್ಲಿ ಬೇರೆಯೇ ಆಗಿ ಬೆಳೆಯುತ್ತದೆ. ಹೀಗೆ ಒಬ್ಬನೇ ಮನುಷ್ಯ ಕಾಗದದ ಮೇಲೆ ಇಬ್ಬರಾಗುವುದು, ಒಬ್ಬನ ಪದಕ ಇನ್ನೊಬ್ಬನಿಗೆ ತಿಳಿಯದೆ ಹೋಗುವುದು ಅಪರೂಪವೇನಲ್ಲ.

ಇದಕ್ಕಿಂತ ದೊಡ್ಡ ಕಾರಣ ಪದಕಗಳು ಸ್ಥಾಪನೆಯಾಗುವ ಕ್ರಮದಲ್ಲೇ ಇದೆ. ಯುದ್ಧ ಮುಗಿದ ದಿನವೇ ಯಾರಿಗೂ ಪದಕ ಸಿಗುವುದಿಲ್ಲ; ಸರ್ಕಾರ ಮೊದಲು ಪದಕವನ್ನು ಸ್ಥಾಪಿಸಿ, ಅದಕ್ಕೆ ಯಾರು ಅರ್ಹರೆಂದು ನಿಯಮ ಹೊರಡಿಸಿ, ಆ ಮೇಲೆ ದಳಗಳಿಂದ ಹೆಸರುಗಳ ಪಟ್ಟಿಯನ್ನು ತರಿಸಿಕೊಳ್ಳುತ್ತದೆ. 1965ರ ಯುದ್ಧಕ್ಕೆ ಸಂಬಂಧಿಸಿದ ಸಮರ ಸೇವಾ ಸ್ಟಾರ್ ಮತ್ತು ರಕ್ಷಾ ಮೆಡಲ್‌ಗಳು ಸ್ಥಾಪನೆಯಾದದ್ದು 1967ರಲ್ಲಿ. 1971ರ ಯುದ್ಧದ ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್ ಮತ್ತು ಸಂಗ್ರಾಮ ಮೆಡಲ್‌ಗಳೂ ಕದನವಿರಾಮದ ನಂತರವೇ ಬಂದವು. ಆ ಕಾಲದ ಅನೇಕ ಸಿಪಾಯಿಗಳು ಕೆಲವು ವರ್ಷ ಸಕ್ರಿಯ ಸೇವೆ ಮಾಡಿ, ಕರೆ ಬಂದರೆ ಮರಳಬೇಕೆಂಬ ಷರತ್ತಿನ ಮೇಲೆ ರಿಸರ್ವ್‌ಗೆ ಹೋಗಿ ಊರು ಸೇರುತ್ತಿದ್ದರು. ಪದಕದ ಪಟ್ಟಿ ತಯಾರಾಗುವ ಹೊತ್ತಿಗೆ ಅಂಥವನು ಆಲೂರಿನ ಕಪ್ಪು ಮಣ್ಣಿನಲ್ಲಿ ಹತ್ತಿ ಬಿತ್ತುತ್ತಲೋ ಆದೋನಿಯ ಜಿನ್ನಿಂಗ್ ಕಾರ್ಖಾನೆಯಲ್ಲಿ ಕಾವಲುಗಾರನಾಗಿಯೋ ಇದ್ದಿರಬಹುದು; ಡಿಸ್ಚಾರ್ಜ್ ಬುಕ್ ಅವನ ಪೆಟ್ಟಿಗೆಯಲ್ಲಿತ್ತು, ಅದರಲ್ಲಿ ಹೊಸ ಪದಕವನ್ನು ಬರೆಯುವವರು ಯಾರೂ ಇರಲಿಲ್ಲ. ಎರಡನೆಯ ಮಹಾಯುದ್ಧದ ಬರ್ಮಾ ಸ್ಟಾರ್, ಆಫ್ರಿಕಾ ಸ್ಟಾರ್, ಇಂಡಿಯಾ ಸರ್ವಿಸ್ ಮೆಡಲ್‌ಗಳ ವಿತರಣೆಯೂ ಸೈನಿಕರು ಚದುರಿದ ಮೇಲೆ ನಡೆದ ಕೆಲಸ. ಅದರ ನಡುವೆಯೇ ದೇಶ ವಿಭಜನೆಯಾಗಿ ಕೆಲವು ರೆಜಿಮೆಂಟುಗಳು ಪಾಕಿಸ್ತಾನದ ಪಾಲಾದವು.

ಪಶ್ಚಿಮ ಕರ್ನೂಲಿನ ಕನ್ನಡ ಹಳ್ಳಿಗಳಿಗೆ ಇದರ ಮೇಲೆ ಇನ್ನೊಂದು ಕಷ್ಟ ಕೂಡಿಕೊಂಡಿದೆ. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿಯ ಉಳಿದ ತಾಲ್ಲೂಕುಗಳು ಮೈಸೂರಿಗೆ ಸೇರಿ, ಆದೋನಿ ಮತ್ತು ಆಲೂರು ಕರ್ನೂಲಿಗೂ ರಾಯದುರ್ಗ ಅನಂತಪುರಕ್ಕೂ ಹೋದವು. 1956ರಲ್ಲಿ ರಾಜ್ಯದ ಹೆಸರು ಆಂಧ್ರ ಪ್ರದೇಶವಾಯಿತು, 1985ರಲ್ಲಿ ತಾಲ್ಲೂಕುಗಳನ್ನು ಒಡೆದು ಮಂಡಲಗಳನ್ನು ಮಾಡಲಾಯಿತು, 2014ರಲ್ಲಿ ತೆಲಂಗಾಣ ಬೇರೆಯಾಯಿತು, 2022ರಲ್ಲಿ ನಂದ್ಯಾಲ ಜಿಲ್ಲೆ ಕರ್ನೂಲಿನಿಂದ ಬೇರ್ಪಟ್ಟಿತು. 1942ರಲ್ಲಿ ಸೇನೆಗೆ ಸೇರಿದವನ ವಿಳಾಸದಲ್ಲಿ ಬಳ್ಳಾರಿ ಜಿಲ್ಲೆ, ಆದವಾನಿ (ಅಂದರೆ ಆದೋನಿ) ತಾಲ್ಲೂಕು ಎಂದಿದ್ದು, ಅವನ ವಿಧವೆಯ ಆಧಾರ್ ಕಾರ್ಡಿನಲ್ಲಿ ಕರ್ನೂಲು ಜಿಲ್ಲೆ, ಕೌತಾಳಂ ಮಂಡಲ ಎಂದಿದ್ದರೆ, ಎರಡೂ ಒಂದೇ ಮನೆಯೆಂಬುದು ದೂರದ ಕಚೇರಿಗೆ ತಾನಾಗಿ ಹೊಳೆಯುವುದಿಲ್ಲ. ಮನೆ ಕದಲದೆ ಮೂರು ರಾಜ್ಯಗಳ ಕಾಗದಗಳಲ್ಲಿ ಹಾದುಬಂದ ಈ ಕುಟುಂಬಗಳು ತಾವು ಬದಲಾಗಿಲ್ಲವೆಂದು ಸಾಬೀತು ಮಾಡಬೇಕಾಗಿ ಬಂದಿರುವುದು ನಿಜಕ್ಕೂ ಅನ್ಯಾಯ.

ಹೆಸರುಗಳ ತೊಡಕೂ ಇಲ್ಲಿಯದೇ. ಕೌತಾಳಂ ಮಂಡಲದ ಉರುಕುಂದದಲ್ಲಿರುವ ಈರಣ್ಣಸ್ವಾಮಿಗೆ ಶ್ರಾವಣದಲ್ಲಿ ಜನ ಸೇರುವ ಸೀಮೆಯಾದ್ದರಿಂದ ಈರಣ್ಣ, ಉರುಕುಂದಪ್ಪ ಎಂಬ ಹೆಸರುಗಳು ಇಲ್ಲಿ ಮನೆಮನೆಯಲ್ಲಿವೆ. ಭರ್ತಿ ಕಚೇರಿಯಲ್ಲಿ ಹಿಂದಿ ಬಲ್ಲ ಗುಮಾಸ್ತ ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದಾಗ ಈರಣ್ಣ ಇರನ್ನನಾಗುತ್ತಾನೆ, ಇನ್ನೊಂದು ಕಡೆ ವೀರನ್ನನಾಗುತ್ತಾನೆ. ಕನ್ನಡ ಮಾಧ್ಯಮದಲ್ಲಿ ಓದಿದ ಮಗನ ಶಾಲಾ ಪ್ರಮಾಣಪತ್ರದಲ್ಲಿ ತಂದೆಯ ಹೆಸರು ಒಂದು ರೀತಿ, ತೆಲುಗಿನ ರೇಷನ್ ಕಾರ್ಡಿನಲ್ಲಿ ಮನೆತನದ ಹೆಸರು ಮುಂದೆ ಸೇರಿ ಇನ್ನೊಂದು ರೀತಿ. ಪದಕಗಳ ಅಂಚಿನ ಮೇಲೆ ಸೈನಿಕನ ಸಂಖ್ಯೆ, ದರ್ಜೆ ಮತ್ತು ಹೆಸರನ್ನು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿರುತ್ತಾರೆ. ರಿಬ್ಬನ್ ಮಾಸಿ ಎಳೆ ಬಿಟ್ಟಿದ್ದರೂ ಭೂತಗನ್ನಡಿ ಹಿಡಿದರೆ ಓದಬಹುದಾದ ಆ ಬರಹವೇ ಎಷ್ಟೋ ವೇಳೆ ಕಡತದ ಕಾಗುಣಿತಕ್ಕೆ ಸಿಗುವ ಒಳ್ಳೆಯ ಕೀಲಿ, ಏಕೆಂದರೆ ಜೆ.ಸಿ. ದರ್ಜೆಗೆ ಬಡ್ತಿ ಪಡೆದವರನ್ನು ಬಿಟ್ಟರೆ, ಹೆಸರು ತಪ್ಪಾಗಿದ್ದರೂ ಸಂಖ್ಯೆ ಸಾಮಾನ್ಯವಾಗಿ ಬದಲಾಗಿರುವುದಿಲ್ಲ.

ದಾಖಲೆಯ ತಿದ್ದುಪಡಿಯೆಂದಾಗ ಎರಡು ಬೇರೆ ಸಂಗತಿಗಳನ್ನು ಬೆರೆಸಬಾರದು. ಆಗಲೇ ಅರ್ಹವಾಗಿದ್ದ ಅಥವಾ ಮಂಜೂರಾಗಿದ್ದ ಪದಕ ನಮೂದಾಗದೆ ಉಳಿದಿದ್ದರೆ ಅದನ್ನು ಸೇರಿಸುವುದು ಒಂದು. ನಡೆದ ಶೌರ್ಯವೇ ಸರ್ಕಾರಕ್ಕೆ ತಿಳಿಯದೆ ಹೋಗಿ, ತಿಳಿದ ಮೇಲೆ ಹೊಸದಾಗಿ ಪದಕ ಕೊಡುವುದು ಇನ್ನೊಂದು. ಎರಡನೆಯದಕ್ಕೆ ಕನ್ನಡ ನಾಡಿನಲ್ಲೇ ದೊಡ್ಡ ಉದಾಹರಣೆಯಿದೆ. ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯ ವಾಯುಪಡೆಯ ಸ್ಕ್ವಾಡ್ರನ್ ಲೀಡರ್ ಆಗಿದ್ದು, 1965ರ ಸೆಪ್ಟೆಂಬರ್ 7ರಂದು ಒಂದನೇ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳ ಜೊತೆ ಪಾಕಿಸ್ತಾನದ ಸರಗೋಧಾ ನೆಲೆಯ ಮೇಲಿನ ದಾಳಿಗೆ ಹೊರಟರು. ಅವರು ಬದಲಿ ಪೈಲಟ್ ಆಗಿ ಸಿದ್ಧರಿದ್ದವರು. ತಂಡದಲ್ಲಿ ಜಾಗ ತೆರವಾದಾಗ ಸೇರಿಕೊಂಡರು, ಮರಳಿ ಬರಲಿಲ್ಲ. ಭಾರತದ ದಾಖಲೆಯಲ್ಲಿ ಅವರು ಕಾಣೆಯಾದವರು ಎಂದಷ್ಟೇ ಉಳಿದರು. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ಕಡೆಯ ವಿವರಗಳನ್ನು ಆಧರಿಸಿ ಬರೆದ ಪುಸ್ತಕ ಬಂದ ಮೇಲೆ, ಗಾಯಗೊಂಡ ಒಂದು ಮಿಸ್ಟೇರ್ ತನಗಿಂತ ವೇಗದಲ್ಲೂ ಶಸ್ತ್ರದಲ್ಲೂ ಬಹಳ ಮುಂದಿದ್ದ ಎಫ್-104 ಸ್ಟಾರ್‌ಫೈಟರ್ ಜೊತೆ ಸೆಣಸಿ ಅದನ್ನು ಉರುಳಿಸಿತ್ತೆಂಬುದು ತಿಳಿದುಬಂತು. ಆ ಪಾಕಿಸ್ತಾನಿ ಪೈಲಟ್ ಪ್ಯಾರಾಚೂಟಿನಿಂದ ಇಳಿದು ಬದುಕುಳಿದಿದ್ದ. ಅಂದಿನ ದಾಳಿಯ ನಾಯಕರಾಗಿದ್ದ ಒ.ಪಿ. ತನೇಜಾ ಈ ಸಂಗತಿಯನ್ನು ಕೈಬಿಡದೆ ಹಿಂಬಾಲಿಸಿದರು. ಯುದ್ಧ ನಡೆದು 23 ವರ್ಷಗಳಾದ ಮೇಲೆ, 1988ರಲ್ಲಿ, ದೇವಯ್ಯನವರ ಪತ್ನಿ ಸುಂದರಿ ದೇವಯ್ಯ ರಾಷ್ಟ್ರಪತಿಯವರಿಂದ ಮರಣೋತ್ತರ ಮಹಾವೀರ ಚಕ್ರವನ್ನು ಸ್ವೀಕರಿಸಿದರು. ಶೌರ್ಯಕ್ಕೆ ನಮ್ಮ ಕಡೆ ಸಾಕ್ಷಿ ಇರಲಿಲ್ಲ, ಎದುರಾಳಿಯ ಮಾತೇ ಸಾಕ್ಷಿಯಾಯಿತು. ಒಂದು ಸೇನೆ ಇಷ್ಟು ತಡವಾಗಿಯಾದರೂ ತನ್ನ ಪುಟವನ್ನು ತಿದ್ದಿಕೊಂಡಿತೆಂಬುದು, ಹಳೆಯದೆಂಬ ಒಂದೇ ಕಾರಣಕ್ಕೆ ಸಿಪಾಯಿಯ ಅರ್ಜಿಯನ್ನು ತಳ್ಳಿಹಾಕುವವರು ನೆನಪಿಡಬೇಕಾದ ವಿಷಯ.

ಸಿಪಾಯಿಯ ಅರ್ಜಿ ಬಹುಮಟ್ಟಿಗೆ ಮೊದಲನೆಯ ಬಗೆಯದು, ಆದ್ದರಿಂದ ಅದರ ದಾರಿಯೂ ಸರಳವಾಗಿರಬೇಕಿತ್ತು. ಸಂಖ್ಯೆ, ದರ್ಜೆ, ದಳ, ಸೇರಿದ ಮತ್ತು ಬಿಟ್ಟ ದಿನಾಂಕಗಳನ್ನು ಬರೆದು, ಡಿಸ್ಚಾರ್ಜ್ ಬುಕ್ಕಿನ ಪ್ರತಿಯನ್ನು ಲಗತ್ತಿಸಿ, ಜನರ ಬಾಯಲ್ಲಿ ಇಂದಿಗೂ ಸೈನಿಕ್ ಬೋರ್ಡ್ ಎಂದೇ ಕರೆಸಿಕೊಳ್ಳುವ ಕರ್ನೂಲಿನ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ರೆಕಾರ್ಡ್ ಆಫೀಸಿಗೆ ಕಳುಹಿಸಬೇಕು. ಪದಕದ ಅರ್ಹತೆ ಯಾವ ದಳ ಯಾವ ದಿನ ಎಲ್ಲಿತ್ತು ಎಂಬುದರ ಮೇಲೆ ನಿಲ್ಲುವುದರಿಂದ ಆ ವಿವರವನ್ನು ಸ್ಪಷ್ಟವಾಗಿ ಬರೆಯುವುದು ಒಳ್ಳೆಯದು. ಯುದ್ಧರಂಗದಿಂದ ಮನೆಗೆ ಬರೆದ ಕನ್ನಡದ ಕಾಗದವೊಂದು ಉಳಿದಿದ್ದರೆ ಅದನ್ನು ಎಸೆಯಬಾರದು: 56 ಎ.ಪಿ.ಒ. ಅಥವಾ ಪೂರ್ವ ವಲಯದ 99 ಎ.ಪಿ.ಒ. ಎಂಬ ಸೇನಾ ಅಂಚೆಯ ವಿಳಾಸ ಮತ್ತು ದಿನಾಂಕವಿರುವ ಮುದ್ರೆ ಅವನು ಆ ತಿಂಗಳು ಯಾವ ವಲಯದಲ್ಲಿದ್ದನೆಂಬುದಕ್ಕೆ ಒಂದು ಆಸರೆ. ಶೌರ್ಯ ಪದಕವಾದರೆ ಭಾರತದ ಗೆಜೆಟ್ಟಿನ ಅಧಿಸೂಚನೆಯೇ ಅಂತಿಮ ಆಧಾರ. ಅಲ್ಲಿಯೂ 1967ಕ್ಕೆ ಮೊದಲು ಅಶೋಕ ಚಕ್ರದ ಮೂರನೆಯ ವರ್ಗವೆಂದಿದ್ದದ್ದೇ ಇಂದಿನ ಶೌರ್ಯ ಚಕ್ರ ಎಂಬುದನ್ನು ತಿಳಿಯದ ಗುಮಾಸ್ತ ಎರಡನ್ನೂ ಬೇರೆ ಪದಕಗಳೆಂದು ಭಾವಿಸುವ ಅಪಾಯವಿದೆ.

ಅರ್ಜಿಗೆ ಬರಬಹುದಾದ ನಿರಾಶೆಯ ಉತ್ತರ ಕಡತವನ್ನು ನಾಶಪಡಿಸಲಾಗಿದೆ ಎಂಬುದು. ಪಿಂಚಣಿ ಇಲ್ಲದೆ ಸೇವೆ ಬಿಟ್ಟವರ ಕಾಗದಗಳನ್ನು 25 ವರ್ಷ ಇಟ್ಟು ಆಮೇಲೆ ತೆಗೆದುಹಾಕಬಹುದೆಂದು ಸೇನೆಯ ನಿಯಮಾವಳಿಯ 595ನೆಯ ಪರಿಚ್ಛೇದ ಹೇಳುತ್ತದೆ. ಆದರೆ ಲಾಂಗ್ ರೋಲ್ ಎಂಬ ದೊಡ್ಡ ವಹಿ, ಪ್ರತಿ ಸೈನಿಕನಿಗೆ ಒಂದೊಂದು ಸಾಲಿನಂತೆ ಸಂಕ್ಷಿಪ್ತ ವಿವರಗಳಿರುವ ಪುಸ್ತಕ, ಹಾಗೆ ನಾಶವಾಗುವಂಥದಲ್ಲ. ಆದ್ದರಿಂದ ಶೀಟ್ ರೋಲ್ ಇಲ್ಲವೆಂಬ ಉತ್ತರ ಬಂದಾಗ ಅಲ್ಲಿಗೇ ನಿಲ್ಲಿಸದೆ, 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಲಾಂಗ್ ರೋಲ್‌ನ ಸಾಲಿನ ಪ್ರತಿಯನ್ನು ಕೇಳಬಹುದು. 30 ದಿನಗಳೊಳಗೆ ಉತ್ತರ ಕೊಡಬೇಕಾದ ಹೊಣೆ ಕಚೇರಿಯದು. ಅಮೆರಿಕದ ಸೇಂಟ್ ಲೂಯಿಸ್‌ನ ಸೇನಾ ದಾಖಲೆ ಕೇಂದ್ರದಲ್ಲಿ 1973ರ ಜುಲೈ 12ರಂದು ಹೊತ್ತಿಕೊಂಡ ಬೆಂಕಿಯಲ್ಲಿ 1.6 ಕೋಟಿಗೂ ಹೆಚ್ಚು ಸೈನಿಕರ ಕಡತಗಳು ಸುಟ್ಟುಹೋದಾಗ, ಅಲ್ಲಿಯ ಸರ್ಕಾರ ಸಂಬಳದ ಪಟ್ಟಿ, ದಳದ ದಿನವಹಿ ಮುಂತಾದ ಬೇರೆ ಕಾಗದಗಳಿಂದ ಸೇವೆಯನ್ನು ಮತ್ತೆ ಕಟ್ಟಿಕೊಡುವ ಕೆಲಸವನ್ನು ತಾನೇ ವಹಿಸಿಕೊಂಡಿತು. ಅಲ್ಲಿ ಸೇನಾ ದಾಖಲೆ ತಿದ್ದುಪಡಿಗೆಂದೇ ಕಾನೂನಿನ ಮಂಡಳಿಗಳಿವೆ. ಭಾರತದಲ್ಲಿ ಅಂಥ ಪ್ರತ್ಯೇಕ ಮಂಡಳಿಯಿಲ್ಲ. ರೆಕಾರ್ಡ್ ಆಫೀಸು ಒಪ್ಪದಿದ್ದರೆ 2007ರ ಕಾಯ್ದೆಯಡಿ ಸ್ಥಾಪನೆಯಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ, ಆಂಧ್ರದವರಾದರೆ ಅದರ ಚೆನ್ನೈ ಪೀಠಕ್ಕೆ, ಹೋಗಬೇಕು. ಅಂತಿಮ ಉತ್ತರ ಬಂದ 6 ತಿಂಗಳೊಳಗೆ ಅಲ್ಲಿ ಅರ್ಜಿ ಹಾಕಬೇಕೆಂಬ ಮಿತಿಯಿದ್ದು, ಸಕಾರಣವಿದ್ದರೆ ವಿಳಂಬವನ್ನು ಮನ್ನಿಸುವ ಅಧಿಕಾರ ಪೀಠಕ್ಕಿದೆ. 2010ರಲ್ಲಿ ಬ್ರಿಗೇಡಿಯರ್ ದೇವಿಂದರ್ ಸಿಂಗ್ ಅವರ ಪ್ರಕರಣದಲ್ಲಿ ಇದೇ ನ್ಯಾಯಮಂಡಳಿ ಕಾರ್ಗಿಲ್ ಯುದ್ಧದ ಬಟಾಲಿಕ್ ಕಾಳಗದ ಅಧಿಕೃತ ವರದಿಯನ್ನೇ ತಿದ್ದಲು ಹೇಳಿತ್ತು.

ಬಹುತೇಕ ಸೇವಾ ಪದಕಗಳಿಗೆ ಹಣವಿಲ್ಲ, ಹಾಗಾಗಿ ಕಚೇರಿಗಳಿಗೆ ಅವಸರವೂ ಇಲ್ಲ. ಆದರೆ ಎಲ್ಲವೂ ಹಾಗಲ್ಲ. ಶೌರ್ಯಕ್ಕಾಗಿ ಪಡೆದ ಸೇನಾ ಮೆಡಲ್‌ಗೆ 2017ರಿಂದ ತಿಂಗಳಿಗೆ 2,000 ರೂಪಾಯಿ, ವೀರ ಚಕ್ರಕ್ಕೆ 7,000 ರೂಪಾಯಿ ಭತ್ಯೆಯಿದ್ದು, ಪಿ.ಪಿ.ಒ. ಎಂಬ ಪಿಂಚಣಿ ಆದೇಶದಲ್ಲಿ ಪದಕ ನಮೂದಾಗಿರದಿದ್ದರೆ ಭತ್ಯೆಯೂ ಬರುವುದಿಲ್ಲ. ಆಗ ಪ್ರಯಾಗರಾಜದ ಪಿಂಚಣಿ ಲೆಕ್ಕ ಕಚೇರಿಯಿಂದ ತಿದ್ದುಪಡಿ ಆದೇಶ ಹೊರಡಬೇಕು. ಪರಾಕ್ರಮ ಪದಕವೆಂದೂ ಕರೆಯುವ ವೂಂಡ್ ಮೆಡಲ್ ಶತ್ರುವಿನ ನೇರ ದಾಳಿಯಲ್ಲಿ ಗಾಯಗೊಂಡವನಿಗೆ ಸಲ್ಲುವಂಥದು. ಅದು ಕಡತದಲ್ಲಿ ಇಲ್ಲವೆಂದರೆ ಗಾಯವನ್ನು ಯುದ್ಧಗಾಯವೆಂದು ಪ್ರಕಟಿಸಿದ ಆದೇಶವೇ ಕಾಣೆಯಾಗಿರುವ ಶಂಕೆ ಏಳಬೇಕು. ಸಾಧಾರಣ ವೈಕಲ್ಯ ಪಿಂಚಣಿಯ ಅಂಶ ಪೂರ್ಣ ವೈಕಲ್ಯಕ್ಕೆ ಸಂಬಳದ ಶೇ 30 ಆಗಿದ್ದರೆ, ಯುದ್ಧಗಾಯದೊಂದಿಗೆ ಸೇವೆ ಮುಂದುವರಿಸಿ ನಿವೃತ್ತನಾದವನಿಗೆ ಅದು ಶೇ 60. ಕಾಲಿನಲ್ಲಿ ಗುಂಡಿನ ಚೂರು ಹೊತ್ತವನ ಮನೆಯಲ್ಲಿ ಈ ಅಂತರ ಪ್ರತಿ ತಿಂಗಳೂ ಲೆಕ್ಕಕ್ಕೆ ಬರುತ್ತದೆ.

ಈಗ ರಕ್ಷಣಾ ಪಿಂಚಣಿಗಳು ಸ್ಪರ್ಶ್ ಎಂಬ ಗಣಕ ವ್ಯವಸ್ಥೆಗೆ ಬಂದಿರುವುದರಿಂದ, ಅರ್ಜಿ ಬರಲೆಂದು ಕಾಯದೆ ಪದಕಗಳ ಪಟ್ಟಿಯನ್ನೂ ಪಿಂಚಣಿದಾರರ ಪಟ್ಟಿಯನ್ನೂ ಸಂಖ್ಯೆಯ ಆಧಾರದ ಮೇಲೆ ಹೋಲಿಸಿ, ಹೊಂದದೆ ಉಳಿದ ಹೆಸರುಗಳನ್ನು ಜಿಲ್ಲಾವಾರು ತೆಗೆಯುವುದು ರೆಕಾರ್ಡ್ ಆಫೀಸುಗಳಿಗೆ ಅಸಾಧ್ಯವಾದ ಕೆಲಸವಲ್ಲ. ಪಿಂಚಣಿಯಿಲ್ಲದೆ ಬಂದ ಹಳಬರ ಮಟ್ಟಿಗೆ ಲಾಂಗ್ ರೋಲ್‌ನಲ್ಲಿ ಬಳ್ಳಾರಿ ಜಿಲ್ಲೆ ಎಂದಿರುವ ಆದೋನಿ, ಆಲೂರು ತಾಲ್ಲೂಕುಗಳ ಸಾಲುಗಳನ್ನು ಬಳ್ಳಾರಿಯ ಕಚೇರಿಗಲ್ಲದೆ ಕರ್ನೂಲಿನ ಕಚೇರಿಗೂ ಕಳುಹಿಸಿ, ಅಲ್ಲಿಂದ ಆ ಪಟ್ಟಿಯನ್ನು ಕೋಸಿಗಿ, ಕೌತಾಳಂ, ಹೊಳಗುಂದ, ಹಾಲಹರ್ವಿ ಮಂಡಲ ಕಚೇರಿಗಳಲ್ಲಿ ತೆಲುಗಿನ ಜೊತೆಗೆ ಕನ್ನಡದಲ್ಲೂ ಅಂಟಿಸಿದರೆ, ತಮ್ಮ ಮನೆಯ ಹಿರಿಯನ ಹೆಸರನ್ನು ಯಾವ ಕಾಗುಣಿತದಲ್ಲಿದ್ದರೂ ಗುರುತಿಸುವ ಜನ ಆ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ.