ಬೇಲಿಯ ಲಕ್ಕಿ ಬಾಲ್ಕನಿಗೆ ಬಂತು

ಲಕ್ಕಿ ಗಿಡವನ್ನು ಮೊದಲು ವರ್ಬಿನಾ ಕುಟುಂಬಕ್ಕೆ ಸೇರಿಸಿದ್ದರು, ಈಗ ಅದು ತುಳಸಿ, ಪುದೀನದ ಕುಟುಂಬದ್ದು. ಅಜ್ಜಿಗೆ ಹೇಳಿದ್ರೆ, ‘ಸೊಪ್ಪು ಮೂಸಿದ್ರೇ ಗೊತ್ತಾಗಲ್ವಾ?’ ಅಂದ್ರು. ನೆಗಡಿ ಬಂದ್ರೆ ನಮಗೆಲ್ಲ ಅದರದ್ದೇ ಹಬೆ.

ಊರಿನ ಲಕ್ಕಿ ಬೇಲಿ ಕಿತ್ತು ತಂತಿ ಹಾಕಿಸೋ ಮಾತು ನಡೀತಿದೆ. ದನ ಬಾಯಿ ಹಾಕದ, ಪುಕ್ಕಟೆ ಬೇಲಿ ಅದು! ಅದಕ್ಕೇ ಬೆಂಗಳೂರಿಗೆ ಆರು ಕಡ್ಡಿ ತಂದೆ. ನಾಲ್ಕು ಚಿಗುರಿವೆ.

ನೀವೂ ನೆಡಬಹುದು. ಮಳೆಗಾಲದ ಶುರುವಲ್ಲಿ ಪೆನ್ಸಿಲ್ ದಪ್ಪದ, ಗೇಣುದ್ದದ ಬಲಿತ ಕಡ್ಡಿ ತಗೊಳ್ಳಿ. ಎರಡು ಗಿಣ್ಣು ಮಣ್ಣೊಳಗಿರಲಿ. ಕುಂಡದಲ್ಲಿ ನೀರು ನಿಲ್ಲಬಾರದು, ಬಿಸಿಲು ಚೆನ್ನಾಗಿ ಬೀಳಬೇಕು. ಬಿಟ್ಟರೆ ಆಳೆತ್ತರ ಮೀರುತ್ತೆ, ಆಗಾಗ ಸವರಿ. ನೀಲಿ-ನೇರಳೆ ಹೂಗೊಂಚಲು ಬರೋದು ಚಿಗುರಿನ ತುದಿಯಲ್ಲಿ, ಹಾಗಾಗಿ ಮೊಗ್ಗು ಕಂಡಮೇಲೆ ಕತ್ತರಿ ಬೇಡ.