ಮನೆಯ ಧ್ವನಿಮುದ್ರಣಕ್ಕೆ ಮಿತವ್ಯಯದ ಮೈಕು: ಆಯ್ಕೆ ಮತ್ತು ಲೆಕ್ಕಾಚಾರ

ಮಾಗಡಿಯಂತಹ ತಾಲ್ಲೂಕು ಕೇಂದ್ರಗಳಲ್ಲಿ ಧ್ವನಿಮುದ್ರಣವೆಂದರೆ ಬೆಂಗಳೂರಿಗೆ ಹೋಗಿ, ಗಂಟೆಯ ಲೆಕ್ಕದಲ್ಲಿ ಸ್ಟುಡಿಯೋ ಬಾಡಿಗೆ ತೆತ್ತು ಮಾಡಿಸಿಕೊಂಡು ಬರುವ ಕೆಲಸವೆಂಬ ಭಾವನೆ ಬಹುಕಾಲ ಇತ್ತು. ಇಂದು ಸ್ಥಿತಿ ಬದಲಾಗಿದೆ. ಪ್ರಚಾರದ ಆಟೋದಲ್ಲಿ ಹಾಕುವ ಘೋಷಣೆ, ಚನ್ನಪಟ್ಟಣದ ಗೊಂಬೆ ತಯಾರಕರು ಗ್ರಾಹಕರಿಗೆ ಕಳುಹಿಸುವ ವಿಡಿಯೋದ ವಿವರಣೆ, ಭಜನಾ ಮಂಡಳಿಯ ಹಾಡು ಮುಂತಾದವುಗಳನ್ನು ಮನೆಯ ಒಂದು ಕೋಣೆಯಲ್ಲಿಯೇ ಮುದ್ರಿಸಿಕೊಳ್ಳಬಹುದು. ಇದಕ್ಕೆ ಬೇಕಾದ ಬಂಡವಾಳವು ಬಹುತೇಕ ಅಂಗಡಿಯ ಗಲ್ಲಾದಿಂದಲೇ ಹೊರಡುವುದರಿಂದ, ವರ್ತಕ ಬಾಂಧವರು ಈ ಖರೀದಿಯನ್ನೂ ಯಂತ್ರೋಪಕರಣದ ಖರೀದಿಯಂತೆಯೇ ಪರಿಶೀಲಿಸುವುದು ಸೂಕ್ತ.

ಮೈಕುಗಳಲ್ಲಿ ಮುಖ್ಯವಾಗಿ ಎರಡು ವಿಧಗಳಿವೆ. ಡೈನಮಿಕ್ ಮೈಕಿನಲ್ಲಿ ತೆಳುವಾದ ಪೊರೆಗೆ ತಂತಿಯ ಸುರುಳಿಯೊಂದು ಅಂಟಿಕೊಂಡಿದ್ದು, ಅದು ಅಯಸ್ಕಾಂತದ ಕ್ಷೇತ್ರದಲ್ಲಿ ಅಲುಗಿದಾಗ ವಿದ್ಯುತ್ ಸಂಕೇತ ಹುಟ್ಟುತ್ತದೆ. ಇದಕ್ಕೆ ಹೊರಗಿನ ವಿದ್ಯುತ್ ಬೇಕಿಲ್ಲ. ಕೈತಪ್ಪಿ ಬಿದ್ದರೂ ಸಾಮಾನ್ಯವಾಗಿ ಕೆಡುವುದಿಲ್ಲ. ಕಂಡೆನ್ಸರ್ ಮೈಕಿನಲ್ಲಿ ಪೊರೆಯ ಹಿಂದೆ ಒಂದು ತಟ್ಟೆಯಿರುತ್ತದೆ. ಅವೆರಡರ ನಡುವಿನ ಅಂತರ ಬದಲಾದಂತೆ ಸಂಕೇತವೂ ಬದಲಾಗುತ್ತದೆ. ಸ್ಟುಡಿಯೋದಲ್ಲಿ ಬಳಸುವ ಇಂತಹ ಮೈಕುಗಳಿಗೆ ಸಾಮಾನ್ಯವಾಗಿ 48 ವೋಲ್ಟ್ ವಿದ್ಯುತ್ತನ್ನು ಕೇಬಲ್ಲಿನ ಮೂಲಕವೇ ಒದಗಿಸಬೇಕು. ಕಂಡೆನ್ಸರ್ ಮೈಕು ಧ್ವನಿಯ ಸೂಕ್ಷ್ಮಗಳನ್ನೆಲ್ಲ ಹಿಡಿಯುತ್ತದೆ ಎಂಬುದು ನಿಜ. ಆದರೆ ಅದು ಫ್ಯಾನಿನ ಸದ್ದು, ಪಕ್ಕದ ಮನೆಯ ಕುಕ್ಕರಿನ ಶಿಳ್ಳೆ, ರಸ್ತೆಯ ಬಸ್ಸು ಮತ್ತು ಬರಿಗೋಡೆಯ ಪ್ರತಿಧ್ವನಿಯನ್ನೂ ಅಷ್ಟೇ ಶ್ರದ್ಧೆಯಿಂದ ಹಿಡಿಯುತ್ತದೆ.

ನಮ್ಮ ಭಾಗದ ಇಂದಿನ ಮನೆಗಳು ಬಹುತೇಕ ಕಾಂಕ್ರೀಟಿನ ತಾರಸಿ, ಟೈಲ್ಸ್ ನೆಲ ಮತ್ತು ನುಣುಪಾದ ಗೋಡೆಗಳಿಂದ ಕೂಡಿವೆ. ಇಂತಹ ಕೋಣೆಯ ಮಧ್ಯೆ ನಿಂತು ಒಮ್ಮೆ ಗಟ್ಟಿಯಾಗಿ ಚಪ್ಪಾಳೆ ತಟ್ಟಿದರೆ ಸಾಕು, ಸಮಸ್ಯೆ ಏನೆಂಬುದು ಕಿವಿಗೇ ತಿಳಿಯುತ್ತದೆ. ಈ ಕೋಣೆಯಲ್ಲಿ ಇಪ್ಪತ್ತು ಸಾವಿರ ರೂಪಾಯಿಗಳ ಕಂಡೆನ್ಸರ್ ಮೈಕನ್ನಿಟ್ಟರೂ ಮುದ್ರಣವು ಬಾವಿಯೊಳಗಿಂದ ಮಾತನಾಡಿದಂತೆ ಕೇಳುತ್ತದೆ. ಆದ್ದರಿಂದ ಮೊದಲ ಖರೀದಿಗೆ ಡೈನಮಿಕ್ ಮೈಕೇ ಯೋಗ್ಯವೆಂಬುದು ನನ್ನ ಖಚಿತ ಅಭಿಪ್ರಾಯ. ಉಳಿದ ಹಣವನ್ನು ಕೋಣೆಗೆ ವ್ಯಯಿಸುವುದು ಲೇಸು.

ಡೈನಮಿಕ್ ಮೈಕಿನ ಲಾಭವೆಲ್ಲ ಅದನ್ನು ಬಾಯಿಗೆ ಹತ್ತಿರ ಹಿಡಿಯುವುದರಲ್ಲಿದೆ. ಬಾಯಿಯಿಂದ ಮೈಕಿನ ದೂರ ಎರಡರಷ್ಟಾದರೆ ಅದಕ್ಕೆ ನೇರವಾಗಿ ತಲಪುವ ಧ್ವನಿಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ಕೋಣೆಯ ಪ್ರತಿಧ್ವನಿ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ನಾಲ್ಕೈದು ಬೆರಳಗಲದ ಅಂತರ ಸಾಕು. ಹತ್ತಿರವಾದಷ್ಟೂ ಧ್ವನಿಯ ಮಂದ್ರಭಾಗ ದಪ್ಪವಾಗುತ್ತದೆಂಬುದನ್ನೂ ಗಮನದಲ್ಲಿಡಬೇಕು. ಹೃದಯಾಕಾರದ ಗ್ರಹಣವ್ಯಾಪ್ತಿಯುಳ್ಳ, ಅಂದರೆ ಕಾರ್ಡಿಯಾಯ್ಡ್ ಎಂದು ಡಬ್ಬಿಯ ಮೇಲೆ ನಮೂದಾಗಿರುವ ಮೈಕು ಹಿಂಬದಿಯ ಸದ್ದನ್ನು ಕಡಿಮೆ ಹಿಡಿಯುತ್ತದೆ. ಆದಕಾರಣ ಅದರ ಬೆನ್ನು ಕಿಟಕಿಯ ಕಡೆಗೆ ಇರಲಿ.

ಮಾದರಿಗಳ ಪೈಕಿ ಶ್ಯೂರ್ ಸಂಸ್ಥೆಯ ಎಸ್‌ಎಂ 58 ಎಂಬುದು 1966ರಿಂದ ಮಾರುಕಟ್ಟೆಯಲ್ಲಿದ್ದು ಇಂದಿಗೂ ತಯಾರಾಗುತ್ತಿದೆ. ಇಷ್ಟು ದೀರ್ಘಕಾಲ ಬಾಳಿದ ಸರಕಿಗೆ ಮರುಮಾರಾಟದ ಬೆಲೆಯೂ ಇರುತ್ತದೆ. ಅದಕ್ಕಿಂತ ಬಹಳ ಅಗ್ಗವಾದುದು ಬೇಕಾದರೆ ಬೆಹ್ರಿಂಗರ್ ಎಕ್ಸ್‌ಎಂ 8500 ಇದೆ. ನಮ್ಮ ಸಭೆ ಸಮಾರಂಭಗಳಲ್ಲಿ ಕಾಣುವ ಅಹುಜಾ ಮೈಕುಗಳೂ ಮಾತಿಗೆ ಸಾಲುತ್ತವೆ. ಆದರೆ ಮೂರು ಕಡ್ಡಿಯ ಎಕ್ಸ್‌ಎಲ್‌ಆರ್ ಜೋಡಣೆಯುಳ್ಳದ್ದನ್ನೇ ಕೇಳಿ ಪಡೆಯಬೇಕು. ಜನಪ್ರಿಯ ಮಾದರಿಗಳಿಗೆ ನಕಲಿಗಳು ಹೇರಳವಾಗಿವೆ. ಎಸ್‌ಎಂ 58ರ ನಕಲಿಗಳಂತೂ ಜಗತ್ತಿನಾದ್ಯಂತ ಹರಡಿವೆ. ಅಧಿಕೃತ ವಿತರಕರ ಬೆಲೆಯ ಅರ್ಧಕ್ಕೆ ದೊರೆಯುವ ಹೊಸ ಮೈಕನ್ನು ಕೊಳ್ಳದಿರುವುದೇ ಕ್ಷೇಮ.

ಯುಎಸ್‌ಬಿ ಮೈಕು ನೇರವಾಗಿ ಗಣಕಯಂತ್ರಕ್ಕೆ ಸೇರುವುದರಿಂದ ಇಂಟರ್‌ಫೇಸ್ ಎಂಬ ಬೇರೆ ಪೆಟ್ಟಿಗೆ ಬೇಕಿಲ್ಲ. ಒಬ್ಬರೇ ಮಾತನಾಡುವ ವಿವರಣೆಗೆ ಇದು ಸಾಕು. ನಾಳೆ ಹಾಡುಗಾರರೊಡನೆ ಹಾರ್ಮೋನಿಯಂ ಸೇರಿಸುವ ಉದ್ದೇಶವಿದ್ದರೆ ಎರಡು ಮೈಕು ಹಿಡಿಯುವ ಇಂಟರ್‌ಫೇಸೇ ಉತ್ತಮ.

ಅಂಗಡಿಯಲ್ಲಿ ಪರೀಕ್ಷಿಸುವಾಗ ಹಲೋ ಹಲೋ ಎನ್ನುವುದರಿಂದ ಏನೂ ತಿಳಿಯದು. ಕನ್ನಡದ ಫ, ಭ, ಖ ಮೊದಲಾದ ಮಹಾಪ್ರಾಣಗಳು ಮೈಕಿನ ಮೇಲೆ ಗಾಳಿಯನ್ನು ದೂಡುತ್ತವೆ. ಸ, ಶ, ಷಗಳು ಕೀರಲಾಗುತ್ತವೆ. ತಮ್ಮದೇ ಸರಕಿನ ದರಪಟ್ಟಿಯನ್ನು ಒಂದು ನಿಮಿಷ ಓದಿ ಮುದ್ರಿಸಿ, ಹೆಡ್‌ಫೋನಿನಲ್ಲಿ ಕೇಳಿ ನೋಡಬೇಕು. ಮೈಕನ್ನು ಬಾಯಿಗೆ ತುಸು ಓರೆಯಾಗಿಟ್ಟು, ಮುಂದೆ ಪಾಪ್ ಫಿಲ್ಟರ್ ಎಂಬ ಬಟ್ಟೆಯ ತೆರೆಯನ್ನಿಟ್ಟರೆ ಈ ದೋಷ ಬಹಳಷ್ಟು ಕಡಿಮೆಯಾಗುತ್ತದೆ.

ಕೋಣೆಗೆ ದುಬಾರಿ ಫೋಮ್ ಹಲಗೆಗಳು ಅನಿವಾರ್ಯವಲ್ಲ. ಹಾಡುವವರ ಹಿಂದೆ ಮತ್ತು ಪಕ್ಕದಲ್ಲಿ ಹತ್ತಿಯ ಹಾಸಿಗೆ ಅಥವಾ ಮಡಿಸಿದ ಕುರಿ ಕಂಬಳಿ, ನೆಲಕ್ಕೆ ಜಮಖಾನೆ ಇದ್ದರೆ ಸಾಕಷ್ಟು ಪ್ರತಿಧ್ವನಿ ಇಳಿಯುತ್ತದೆ. ಗೋಡೆಗೆ ಮೊಟ್ಟೆಯ ಟ್ರೇಗಳನ್ನು ಅಂಟಿಸುವ ರೂಢಿಯಿಂದ ಹೇಳಿಕೊಳ್ಳುವ ಪ್ರಯೋಜನವಿಲ್ಲ. ಕಂಬಳಿಯಾಗಲಿ ಫೋಮ್ ಆಗಲಿ ಹೊರಗಿನ ಬಸ್ಸಿನ ಸದ್ದನ್ನು ತಡೆಯಲಾರವು. ಅದಕ್ಕೆ ನಸುಕಿನ ವೇಳೆಯೇ ಮದ್ದು. ರಾಮನಗರದ ಬಳಿ 1994ರಲ್ಲಿ ಜಾನಪದ ಲೋಕವನ್ನು ಸ್ಥಾಪಿಸಿದ ಎಚ್.ಎಲ್. ನಾಗೇಗೌಡರು ಹಾಡುಗಾರರಿದ್ದಲ್ಲಿಗೇ ಟೇಪ್ ರೆಕಾರ್ಡರ್ ಒಯ್ದು ಧ್ವನಿ ಸಂಗ್ರಹಿಸಿದವರು. ಸ್ಟುಡಿಯೋ ಇಲ್ಲವೆಂದು ಆ ಕಾರ್ಯ ನಿಲ್ಲಲಿಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ಅಂದಾಜಿಗಾಗಿ ಮೈಕು 3,000, ಇಂಟರ್‌ಫೇಸ್ 6,000, ಸ್ಟ್ಯಾಂಡು, ಕೇಬಲ್ ಮತ್ತು ಫಿಲ್ಟರ್ 2,000, ಹೆಡ್‌ಫೋನ್ 2,500, ಕೋಣೆಗೆ 3,000, ಒಟ್ಟು ರೂ. 16,500 ಎಂದಿಟ್ಟುಕೊಳ್ಳೋಣ. ಇದರಲ್ಲಿ ಮೈಕಿನ ಪಾಲು ಐದನೆಯ ಒಂದಕ್ಕಿಂತಲೂ ಕಡಿಮೆ ಎಂಬುದನ್ನು ಓದುಗರು ಗಮನಿಸಬೇಕು. ಬೆಂಗಳೂರಿಗೆ ಒಮ್ಮೆ ಹೋಗಿ ಬರಲು ಬಾಡಿಗೆ, ಪ್ರಯಾಣ ಸೇರಿ ರೂ. 1,500 ತಗಲುವುದಾದರೆ 11 ಬಾರಿಗೆ ಈ ಮೊತ್ತ ಹಿಂದಿರುಗುತ್ತದೆ. ವರ್ಷಕ್ಕೆ ಎರಡೇ ಘೋಷಣೆ ಮಾಡಿಸುವ ಅಂಗಡಿಗೆ ಬಾಡಿಗೆಯ ಸ್ಟುಡಿಯೋವೇ ಅಗ್ಗ.

ಮೈಕಿನ ಮೇಲೆ ಶೇ. 18ರ ಜಿಎಸ್‌ಟಿ ಇದೆ. ತೆರಿಗೆಯೂ ಸೇರಿ ರೂ. 3,000 ಬೆಲೆಯಿದ್ದರೆ ಅದರಲ್ಲಿ ತೆರಿಗೆ ಸುಮಾರು ರೂ. 458. ನೋಂದಾಯಿತ ವರ್ತಕರು ವ್ಯವಹಾರಕ್ಕಾಗಿ ಕೊಂಡಿದ್ದರೆ ಇದನ್ನು ಹೂಡುವಳಿ ತೆರಿಗೆಯಾಗಿ ಜಮೆ ಪಡೆಯಬಹುದು. ಹಾಗೆ ಪಡೆದ ಮೊತ್ತದ ಮೇಲೆ ಮತ್ತೆ ಸವಕಳಿ ಕೇಳುವಂತಿಲ್ಲ. ಕಾಂಪೊಸಿಷನ್ ಪದ್ಧತಿಯಲ್ಲಿರುವವರಿಗೆ ಈ ಜಮೆ ದೊರೆಯದು. ಮಗನ ಹವ್ಯಾಸಕ್ಕೆಂದು ಕೊಂಡ ಮೈಕನ್ನು ಅಂಗಡಿಯ ಖಾತೆಗೆ ಬರೆಯುವ ಪರಿಪಾಠವಿದೆ. ಸ್ವಂತ ಬಳಕೆಯ ಸರಕಿಗೆ ಜಮೆ ಇಲ್ಲವೆಂಬುದು ಕಾನೂನಿನಲ್ಲಿಯೇ ಸ್ಪಷ್ಟವಿದೆ. ಅಂತಹುದನ್ನು ಮಾಲೀಕರ ಸ್ವಂತ ಖಾತೆಗೆ ಬರೆಯಬೇಕು.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡರೂ, ಅಂತರ್ಜಾಲದಲ್ಲಿ ತರಿಸಿದರೂ, ಬಿಲ್ಲಿನಲ್ಲಿ ಸಂಸ್ಥೆಯ ಹೆಸರು ಮತ್ತು ಜಿಎಸ್‌ಟಿ ಸಂಖ್ಯೆಯನ್ನು ಬರೆಸಿಕೊಳ್ಳಬೇಕು. ಮೈಕಿನ ಮೇಲೆ ಕ್ರಮಸಂಖ್ಯೆಯಿದ್ದಲ್ಲಿ ಅದನ್ನೂ ಬಿಲ್ಲಿನಲ್ಲಿ ಕಾಣಿಸಿದರೆ ವಾರಂಟಿ ಅವಧಿಯಲ್ಲಿ ಬದಲಿ ಕೇಳುವಾಗ ತಕರಾರಿಗೆ ಎಡೆಯಿರುವುದಿಲ್ಲ.